ಸೋಮವಾರದ ಕಡಲು

ರಾಜಧಾನಿ ಕಲಕತ್ತೆಯಿಂದ ದಿಲ್ಲಿಗೆ ಹೋಯಿತೆಂದು ಬೈಲಹೊಂಗಲದ ಪೇಟೆಯಲ್ಲಿ ಯಾರೋ ಪತ್ರಿಕೆ ಓದಿ ಹೇಳಿದ ದಿನ, ನಾನು ಮನೆಗೆ ಬಂದವನೇ ಹೆಂಡತಿಗೆ ದಿಲ್ಲಿ ತೋರಿಸುವುದಾಗಿ ಸಾರಿದೆ. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೂರದ ಊರು ಬೆಳಗಾವಿ. ಅಲ್ಲಿಯೂ ದಾರಿ ತಪ್ಪಿದ್ದೆ. ಆದರೆ ಕನ್ನಡ ಸಾಲೆಯಲ್ಲಿ ಭೂಗೋಳ ಓದಿದವನು; ನಕಾಶೆಯಲ್ಲಿ ದಿಲ್ಲಿಯ ಮೇಲೆ ಬೆರಳಿಡಬಲ್ಲೆನೆಂಬ ಸೊಕ್ಕು.

ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ರಾಜಧಾನಿ ಈಗಷ್ಟ ಮನಿ ಬದಲ ಮಾಡೇತ್ರಿ. ಪಾಪ, ಸಾಮಾನಾ ಹೊಂದಿಸ್ಕೊಳ್ಳಲಿ ಬಿಡ್ರಿ. ಹೋದವರಿಗೆ ನೀರ ಕೊಡಾಕೂ ತಂಬಿಗಿ ಸಿಕ್ಕಿರೂದಿಲ್ಲ.”

“ಮತ್ತ ಎಲ್ಲಿಗೆ ಹೋಗೂಣಂತಿ?”

“ಸಮುದ್ರಕ್ಕ.”

ಅವಳ ಅಪ್ಪ ಪ್ರಾಯದಲ್ಲಿ ಅರಳೆ ಹೇರಿದ ಗಾಡಿ ಹೊಡೆದುಕೊಂಡು ಘಟ್ಟ ಇಳಿದು ಕುಮಟೆ ಬಂದರಕ್ಕೆ ಹೋಗುತ್ತಿದ್ದವರು. ರೈಲು ಬಂದು ಆ ವ್ಯಾಪಾರ ನಿಂತಿತು. ಮಗಳಿಗೆ ಆ ಕಡಲನ್ನು ಬಣ್ಣಿಸುತ್ತ, ನಿನಗೂ ಒಮ್ಮೆ ತೋರಿಸುತ್ತೇನೆ ಎನ್ನುತ್ತಲೇ ಅವರು ತೀರಿಕೊಂಡರು. ಅವಳು ಬಾಯಿಬಿಟ್ಟು ಕೇಳಿದ ಆಸೆ ಅದೊಂದೇ. ನನಗದು ಗೊತ್ತಿತ್ತು. ಆದರೂ ದಿಲ್ಲಿ ಎಂದಿದ್ದೆ.

ಸುಗ್ಗಿ ಮುಗಿದ ಮೇಲೆ ಅವಳ ತಮ್ಮ ತೆಂಗಿನಕಾಯಿ ತರಲು ಮೂರು ಗಾಡಿ ಕಟ್ಟಿಸಿಕೊಂಡು ಘಟ್ಟದ ಕೆಳಗೆ ಹೊರಟ. ನಾವೂ ಹತ್ತಿದೆವು. ದಾರಿಯಲ್ಲಿ ಕಿತ್ತೂರಿನ ಕೋಟೆಯನ್ನು ಒಂದು ಹೊತ್ತು ನೋಡಿ ಮುಂದೆ ಹೋಗುವುದೆಂದು ಮಾತಾಗಿತ್ತು. ಇಷ್ಟು ಹತ್ತಿರದ ಕೋಟೆಯನ್ನು ನಾನೂ ಅಂದೇ ಮೊದಲು ನೋಡಿದ್ದು. ಹಾಗೆಂದು ತೋರಿಸಿಕೊಳ್ಳಲಾದೀತೇ? ಬಿದ್ದ ಗೋಡೆಗಳ ನಡುವೆ ಒಂದು ಕಡೆ ನಿಂತು ಕೈ ಚಾಚಿದೆ.

“ಇಲ್ಲೇ ನೋಡ, ಸಿಂಹಾಸನ ಇದ್ದದ್ದು.”

“ಗ್ವಾಡಿ ಹೊಗಿ ಹಿಡದು ಕರ್ರಗ ಆಗೇತಲ್ರೀ. ಸಿಂಹಾಸನದ ಮ್ಯಾಲ ಕುಂತು ಅಡಗಿ ಮಾಡತಿದ್ರೇನು?”

ಅವಳ ತಮ್ಮ ರುಮಾಲು ಬಿಚ್ಚಿಹೋಗುವಷ್ಟು ನಕ್ಕ. ಹೋದ ಮಾನ ತರಲು ನಾನು ಹೊತ್ತು ಮುಳುಗುವವರೆಗೆ ಇನ್ನಷ್ಟು ಗೋಡೆ ತೋರಿಸಿದೆ. ಆ ರಾತ್ರಿ ಅಲ್ಲೇ ಬೀಡು.

ಹೀಗಾಗಿ ಶನಿವಾರ ಸಂಜೆ ಸೇರಬೇಕಾಗಿದ್ದ ಘಟ್ಟದ ಕೆಳಗಿನ ಹಳ್ಳಿಯನ್ನು ರವಿವಾರ ಸಂಜೆ ಸೇರಿದೆವು. ಬೆಳಗಾದರೆ ಸೋಮವಾರ. ಬಸವಣ್ಣನ ದಿನ, ನಮ್ಮ ಕಡೆ ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಡಲು ಇನ್ನೂ ಎರಡು ಹರದಾರಿ ಆಚೆ. ಮಂಗಳವಾರ ನಸುಕಿಗೆ ಕಾಯಿ ಹೇರಿದ ಗಾಡಿಗಳು ತಿರುಗಿ ಹೊರಡಬೇಕು. ಹುಲಿಯಿದ್ದ ಆ ಅಡವಿಯಲ್ಲಿ ಒಂಟಿ ಗಾಡಿ ಘಟ್ಟ ಹತ್ತುವ ಹಾಗಿರಲಿಲ್ಲ.

“ಮುಂದಿನ ವರ್ಸ ನೋಡಿದ್ರಾತು ಬಿಡಕ್ಕಾ,” ಎಂದ ತಮ್ಮ. ನಾನೂ ದೊಡ್ಡ ಮನುಷ್ಯನ ಹಾಗೆ ತಲೆದೂಗಿದೆ.

ಅವಳು ಕಟಕ ರೊಟ್ಟಿ, ಶೇಂಗಾ ಚಟ್ನಿ ಅರಿವೆಯಲ್ಲಿ ಕಟ್ಟಿ ಎದ್ದು ನಿಂತಳು.

“ಸೋಮವಾರ ಎತ್ತಿಗೆ ಐತಪಾ, ನನಗಿಲ್ಲ.” ಆಮೇಲೆ ನನ್ನ ಕಡೆ ನೋಡಿ, “ನಿಮಗೂ ಸೋಮವಾರ ಐತೇನ್ರಿ?”

“ಮಾವಾರ, ನೊಗಾ ಬಿಚ್ಚಿ ಕೊಡ್ಲೇನ್ರಿ?” ಎಂದು ತಮ್ಮ ಕೂಗಿದ.

ಗಂಟು ನನ್ನ ಹೆಗಲಿಗೆ ಬಂತು. ಪ್ರವಾಸಕ್ಕೆಂದು ಕೊಂಡ ಹೊಸ ಕೆರ ಹಿಮ್ಮಡಿ ಕಡಿಯತೊಡಗಿತು. ಅವಳು ಬರಿಗಾಲಲ್ಲಿ ಮುಂದೆ ಮುಂದೆ ನಡೆದಳು. ಇನ್ನೂ ಎಷ್ಟು ದೂರ ಎಂದು ನಾನು ಎದುರಾದವರನ್ನೆಲ್ಲ ಕೇಳುತ್ತಿದ್ದೆ.

“ಇವರು ದಿಲ್ಲಿಗೆ ಹೊಂಟಿದ್ರಪಾ,” ಎಂದು ಅವಳು ಅವರಿಗೆ ಹೇಳಿ ನಗುತ್ತಿದ್ದಳು.

ತೆಂಗಿನ ಸಾಲು ಮುಗಿದದ್ದೇ ನಗು ನಿಂತಿತು. ಸೀರೆಯ ನಿರಿಗೆ ಎತ್ತಿ ಹಿಡಿದು ನೀರಿಗಿಳಿದಳು. ಇಂಥ ಹೊತ್ತಿನಲ್ಲಿ ಗಂಡನಾದವನು ಏನಾದರೂ ಹೇಳಬೇಕೆಂದು ನನಗೆ ತೋರಿತು.

“ಇದಕ್ಕ ಅರಬ್ಬೀ ಸಮುದ್ರ ಅಂತಾರ. ಇದರಾಚೆ—”

“ಸುಮ್ಮನಿರ್ರಿ ಒಂದೀಟು.”

ಕೆರ ಬಿಚ್ಚಿ ದಡದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಅವಳು ನೀರಿಗೆ ಹೇಳುವ ಹಾಗೆ ಹೇಳಿದಳು: “ಅಪ್ಪಾ ಕಡಿಮಿನ ಹೇಳಿದ್ದ.”

ಈ ವರ್ಷ ಅವಳನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮಾತಾಡಿಸಲು ಬಂದವರು, ಸಮಾಧಾನಕ್ಕೆ ಬೇರೆ ಮಾತು ಸಿಗದೆ, ನೀವಿಬ್ಬರೂ ಹೋಗಿದ್ದಿರಲ್ಲ, ಕಡಲು ಹೇಗಿತ್ತು ಎಂದು ಕೇಳುತ್ತಾರೆ. ನನಗೆ ಹೇಳಲು ಬರುವುದಿಲ್ಲ. ಅಂದು ನಾನು ನೋಡಿದ್ದು ಹೆಚ್ಚಾಗಿ ನೀರಿನಲ್ಲಿ ನಿಂತ ಅವಳ ಬೆನ್ನು. ನಡುನಡುವೆ ನನ್ನ ಹಿಮ್ಮಡಿಯ ಬೊಬ್ಬೆ.