ಪಂಪಿನವನ ಸರದಿ

ಕಲ್ಲಿನ ರಾಣಿಯ ಜೊತೆಗಿನ ಯುದ್ಧ ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕಾಗಿತ್ತು. ಹೆಚ್ಚೆಂದರೆ ಎರಡು ಆದಿತ್ಯವಾರ. ಅದು ಮಳೆಗಾಲ ಕಳೆದು, ಚಳಿ ಕಳೆದು, ಮತ್ತೆ ಸೆಕೆ ಶುರುವಾಗುವವರೆಗೂ ನಡೆಯಿತು. ಯುದ್ಧ ನಡೆಸುತ್ತಿದ್ದವಳು ನಾನು. ರಾಣಿಯೂ ನಾನೇ.

ಮೂಡುಬಿದಿರೆಯ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಾನು ವಾರವಿಡೀ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಕೊಡುತ್ತೇನೆ. ಒಮ್ಮೆ ಆ ಕಟ್ಟಡದ ಬೋರ್‌ವೆಲ್ ಪಂಪು ಕೆಟ್ಟು, ಬೆಳ್ತಂಗಡಿಯಿಂದ ಒಬ್ಬ ರಿಪೇರಿಗೆ ಬಂದ. ಕೈ ತೊಳೆಯಲು ಮೇಲೆ ಬಂದವನು ನನ್ನ ಮೇಜಿನ ಮೇಲಿದ್ದ ಗ್ರಾಫ್ ಹಾಳೆಗಳನ್ನು ನೋಡಿ, "ಟೀಚರ್, ಇಷ್ಟು ಒಳ್ಳೆಯ ಕಾಗದವನ್ನು ಲೆಕ್ಕ ಮಾಡಿ ಹಾಳು ಮಾಡ್ತೀರಲ್ಲ" ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಮತ್ತೆಂತ ಮಾಡ್ಬೇಕಿತ್ತು, ಗಾಳಿಪಟವಾ?" ಎಂದೆ. "ಕೋಟೆ ಕಟ್ಟುವ" ಎಂದು ನಕ್ಕ. ಮುಂದಿನ ಆದಿತ್ಯವಾರ ಚೀಲದಲ್ಲಿ ಇಪ್ಪತ್ತು ಮುಖದ ದಾಳಗಳನ್ನು ಹಾಕಿಕೊಂಡು ನಿಜವಾಗಿಯೂ ಬಂದೇಬಿಟ್ಟ.

ಕೆಲಸಕ್ಕೆಂದು ದೋಹಾದಲ್ಲಿದ್ದಾಗ ರಜೆಯ ಶುಕ್ರವಾರಗಳಂದು ರೂಮಿನವರ ಜೊತೆ ಆಡಿ ಕಲಿತ ಆಟವಂತೆ. ಒಬ್ಬರು ಕತೆ ನಡೆಸಬೇಕು, ಶತ್ರುಗಳ ಪಾತ್ರವೆಲ್ಲ ಅವರದ್ದೇ. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡುತ್ತೇನೆಂದು ಅವರು ಬಾಯಲ್ಲಿ ಹೇಳಬೇಕು, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ವೇಷ ಕಟ್ಟದೆ ಚಾಪೆಯ ಮೇಲೆ ಕೂತು ತಾಳಮದ್ದಳೆಯಲ್ಲಿ ಯುದ್ಧ ಮಾಡುವ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಅವನೇ ತನ್ನ ಗಿರಾಕಿಗಳಲ್ಲಿ ಇಬ್ಬರನ್ನು ಹಿಡಿದು ತಂದ. ಒಬ್ಬರು ಬಂಟ್ವಾಳ ಪೇಟೆಯಲ್ಲಿ ತೆಂಗಿನೆಣ್ಣೆಯ ವ್ಯಾಪಾರ ಮಾಡುವವರು, ನಮಗೆಲ್ಲ ಹಿರಿಯರು. ಇನ್ನೊಬ್ಬಳು ಅಳದಂಗಡಿ ಕಡೆಯ ದನದ ಡಾಕ್ಟರು. ಕತೆ ನಡೆಸುವ ಕೆಲಸ ನನ್ನ ತಲೆಗೆ ಬಂತು. "ಮಕ್ಕಳನ್ನು ಹೆದರಿಸಿ ಅಭ್ಯಾಸ ಉಂಟಲ್ಲ ನಿಮಗೆ" ಎಂಬುದು ಪಂಪಿನವನ ವಾದ.

ನನಗೆ ಹಾಜರಿ ಕರೆದು ಕರೆದು ಬಂದ ಒಂದು ಚಾಳಿ ಉಂಟು. ಸರದಿ ಬಂದಾಗ ಆಟದೊಳಗಿನ ಪಾತ್ರವನ್ನು ಕರೆಯಬೇಕು, ನಾನು ಮನುಷ್ಯನ ಹೆಸರನ್ನೇ ಕರೆಯುತ್ತಿದ್ದೆ. ಮೊದಲು ಎಣ್ಣೆಯವರು, ಆಮೇಲೆ ಡಾಕ್ಟರು, ಆಮೇಲೆ ಪಂಪಿನವ, ಕೊನೆಗೆ ರಾಣಿ. ಪಂಪಿನವ ಪ್ರತಿ ಸಲ ಹುಡುಗರ ಹಾಗೆ ಕೈ ಎತ್ತಿ "ಬಂದೆ ಟೀಚರ್" ಎನ್ನುತ್ತಿದ್ದ. ದಾಳ ಮಾತ್ರ ಅವನಿಗೆ ಎಂದೂ ಒಲಿಯಲಿಲ್ಲ. ಎರಡು, ಮೂರು, ಮತ್ತೆ ಎರಡು.

ಕಲ್ಲಿನ ರಾಣಿಯನ್ನು ನಾನು ಬಹಳ ಆಸ್ಥೆಯಿಂದ ಕಟ್ಟಿದ್ದೆ. ಮುಳುಗಿದ ಕೋಟೆಯ ನಡುಮನೆಯಲ್ಲಿ ಕೂತಿದ್ದಾಳೆ, ಅವಳ ಕೈ ತಾಗಿದವರು ನಿಂತಲ್ಲೇ ಕಲ್ಲಾಗುತ್ತಾರೆ. ಗ್ರಾಫ್ ಹಾಳೆಯ ಮೇಲೆ ಅವಳ ಜಾಗದಲ್ಲಿ ಚದುರಂಗದ ಹಳೆಯ ರಾಣಿಯನ್ನು ಇಟ್ಟಿದ್ದೆವು. ಎಣ್ಣೆಯವರಿಗೂ ಡಾಕ್ಟರಿಗೂ ಸೋಡಾ ಬಾಟಲಿಯ ಮುಚ್ಚಳ. ಪಂಪಿನವ ಮಾತ್ರ ತನ್ನ ರಿಪೇರಿ ಅಂಗಡಿಯಿಂದ ಒಂದು ಹಿತ್ತಾಳೆಯ ನಟ್ಟು ತಂದಿದ್ದ. ಯುದ್ಧದ ಮೊದಲ ಆದಿತ್ಯವಾರ ಮುಗಿದಾಗ ಆ ನಟ್ಟು ರಾಣಿಯ ಪಕ್ಕದ ಚೌಕದಲ್ಲಿತ್ತು. ಹಾಳೆಯನ್ನು ಅಲುಗಿಸದೆ ಕಪಾಟಿನ ಮೇಲಿಟ್ಟು ಬೀಗ ಹಾಕಿದೆವು.

ಆ ವಾರವೇ ಅವನು ಹೋದ. ಅಂಗಡಿ ತೆರೆಯುವಾಗ ಎದೆನೋವು. ಮಂಗಳೂರಿಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಬಿ.ಸಿ. ರೋಡ್ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ನಾವು ಮೂವರೂ ಅವನ ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಿ, ಊಟ ಮಾಡಿ, ಅವನ ಹೆಂಡತಿಯ ಮುಖ ನೋಡಲಾಗದೆ ಹೊರಟು ಬಂದೆವು. ಬೊಜ್ಜದ ಮನೆಯಲ್ಲಿ ಮಾಡುವ ಕ್ರಮಗಳಲ್ಲಿ ಒಂದು, ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವುದು. ಹೊರಗೆ ಅಲೆಯುವ ಜೀವ ಒಳಗೆ ಬಂದು ಹಿರಿಯರ ಜೊತೆ ಸೇರಬೇಕು. ಅವತ್ತು ಅವನ ಅಣ್ಣ ಕರೆದದ್ದನ್ನು ನಾನೂ ಕೇಳಿದೆ.

ಮತ್ತೆ ಒಂದು ಆದಿತ್ಯವಾರ ನಾವು ಸೇರಿದೆವು. ಮನೆಯಲ್ಲಿ ಕೂತರೆ ಇನ್ನೂ ಕಷ್ಟವಾಗುತ್ತಿತ್ತು, ಅಷ್ಟೆ. ಹಾಳೆ ಇಳಿಸಿದೆ. ಎಣ್ಣೆಯವರು ಹೊಡೆದರು, ಡಾಕ್ಟರು ಮಂತ್ರ ಹಾಕಿದಳು, ನನ್ನ ನಾಲಗೆ ತನ್ನ ಪಾಡಿಗೆ ಅವನ ಹೆಸರು ಕರೆಯಿತು. ಮೂವರೂ ತಣ್ಣಗಾದೆವು. ಎಣ್ಣೆಯವರು ಕೈ ಚಾಚಿ ಅವನ ದಾಳ ತೆಗೆದುಕೊಂಡು, "ಅವನಾದ್ರೆ ಹೊಡೀತಿದ್ದ" ಎಂದು ಉರುಳಿಸಿದರು. ಹತ್ತೊಂಬತ್ತು ಬಿತ್ತು.

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಸತ್ತವರಿಗೂ ಒಂದು ಎಲೆ ಹಾಕಿ ಬಡಿಸುವ ಊರಿನವರು ನಾವು, ಅವನಿಗೊಂದು ಸರದಿ ಕೊಡುವುದು ನಮಗೆ ವಿಚಿತ್ರವೆನಿಸಲೇ ಇಲ್ಲ. ವಿಚಿತ್ರವಾದದ್ದು ದಾಳ. ಬದುಕಿದ್ದಾಗ ಎರಡು ಮೂರು ದಾಟದವನಿಗೆ ಈಗ ಹದಿನೇಳು, ಹತ್ತೊಂಬತ್ತು, ಇಪ್ಪತ್ತು. ಸಂಭವನೀಯತೆಯ ಪಾಠ ಮಾಡುವವಳು ನಾನು, ಹೀಗೂ ಆಗಬಹುದು ಎಂದು ನನಗೆ ಗೊತ್ತು. ಆದರೂ ಆ ದಾಳವನ್ನು ಮುಟ್ಟಲು ಹೆದರಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಹೆಸರು ಕರೆದ ಮೇಲೆ ಒಂದು ಕ್ಷಣ ಸುಮ್ಮನಿರುತ್ತಿದ್ದೆವು. "ಬಂದೆ ಟೀಚರ್" ಎನ್ನಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಹೊತ್ತು. ಒಮ್ಮೆ ಡಾಕ್ಟರು ತಟ್ಟನೆ ತಲೆಯೆತ್ತಿ, "ಕೇಳಿತಾ?" ಎಂದಳು. "ಕೆಳಗೆ ಬೇಕರಿಯಲ್ಲಿ ಯಾರೋ" ಎಂದರು ಎಣ್ಣೆಯವರು. ಆದಿತ್ಯವಾರ ಮಧ್ಯಾಹ್ನ ಬೇಕರಿಗೆ ಬಾಗಿಲು ಹಾಕಿರುತ್ತದೆ. ಅದು ಮೂವರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಯುದ್ಧ ಮುಗಿಯಲಿಲ್ಲ, ಏಕೆಂದರೆ ಯಾರಿಗೂ ಮುಗಿಯುವುದು ಬೇಕಿರಲಿಲ್ಲ. ರಾಣಿ ಸತ್ತರೆ ಸರದಿಗಳೂ ಮುಗಿಯುತ್ತವೆ. ಡಾಕ್ಟರು ತನ್ನ ಮಂತ್ರವನ್ನೆಲ್ಲ ಗಾಯವೇ ಆಗದ ಹಿತ್ತಾಳೆಯ ನಟ್ಟಿನ ಮೇಲೆ ಸುರಿಯುತ್ತಿದ್ದಳು. ಎಣ್ಣೆಯವರು ಕತ್ತಿ ಬಿಟ್ಟು ಗೋಡೆಯ ಕೆತ್ತನೆ ನೋಡುತ್ತೇನೆ ಎನ್ನುತ್ತಿದ್ದರು. ರಾಣಿಗೆ ಶಕ್ತಿ ಕುಂದಿದಾಗಲೆಲ್ಲ ನಾನು ಅವಳಿಗೆ ಹೊಳೆಯ ನೀರು ಕುಡಿಸಿ ಎಬ್ಬಿಸುತ್ತಿದ್ದೆ. ಎಲ್ಲರ ಎದುರಿಗೇ, ಹಾಡಹಗಲೇ. ಯಾರೂ ಅನ್ಯಾಯ ಎನ್ನಲಿಲ್ಲ.

ಸೆಕೆ ಶುರುವಾದ ಒಂದು ಆದಿತ್ಯವಾರ ಮೆಟ್ಟಿಲು ಹತ್ತಿ ಅವನ ಹೆಂಡತಿ ಬಂದಳು. ಹಿಂದಿನ ವಾರ ಎಣ್ಣೆಯವರು ಅವಳನ್ನು ಮಾತಾಡಿಸಿಕೊಂಡು ಬರಲು ಹೋದವರು ನಮ್ಮ ಆಟದ ಸುದ್ದಿ ಹೇಳಿಬಿಟ್ಟಿದ್ದರು. ನಾವು ಮರೆತಿಲ್ಲ ಎಂದು ಅವಳಿಗೆ ಸಮಾಧಾನವಾಗಲಿ ಎಂದುಕೊಂಡಿದ್ದರಂತೆ. ನಾನು ಗಡಬಡಿಸಿ ಕುರ್ಚಿ ಎಳೆದೆ. ಅದು ಅವನ ಕುರ್ಚಿ ಎಂದು ಆಮೇಲೆ ಹೊಳೆಯಿತು. ಅವಳು ಕೂರಲಿಲ್ಲ.

"ಟೀಚರ್, ನೀವು ಅವರನ್ನು ಹೆಸರು ಹಿಡಿದು ಕರೀತೀರಂತೆ, ಹೌದಾ?"

"ಅದು ಆಟದಲ್ಲಿ ಮಾರಾಯ್ತಿ. ಸುಮ್ಮನೆ."

"ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದೆವು. ಅವರು ಇನ್ನೂ ಒಳಗೆ ಬರ್ಲಿಲ್ಲಂತೆ. ಹೊಸ್ತಿಲಿನವರೆಗೆ ಬರ್ತಾರಂತೆ, ಆಗ ಹೊರಗಿಂದ ಯಾರೋ ಕರೀತಾರಂತೆ, ತಿರುಗಿ ಹೋಗ್ತಾರಂತೆ. ಯಾರು ಕರೆಯುದು ಅಂತ ನಾನು ಎಷ್ಟು ತಲೆ ಕೆಡಿಸಿಕೊಂಡೆ ಗೊತ್ತುಂಟಾ? ಮಗಳ ಮೇಲೆ ಸಂಶಯ ಮಾಡಿದೆ. ನೀನು ರಾತ್ರಿ ಅಪ್ಪನನ್ನು ಕರೀತೀಯಾ ಅಂತ ಗದರಿಸಿದೆ. ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸಿ, ಬಾಗಿಲು ಎಳೆದು, ಹೊರಗೆ ನಿಂತಿದ್ದೆವಲ್ಲ, ಆಗಲೇ ನನಗೆ ಅನಿಸಿತ್ತು. ಎಲ್ಲರೂ ಉಣ್ತಿದ್ದಾರೆ, ಇವರಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ಕವಡೆ ಮಗುಚಿ ಹೇಳಿದ ಮಾತಿಗೆ ನಮ್ಮ ಆದಿತ್ಯವಾರದ ಆಟ ಹೊಣೆಯೇ? ಹೇಳಲು ಬಾಯಿ ತೆರೆದೆ. ಆದರೆ ತೋಳಿನ ಕೂದಲು ನಿಂತಿತ್ತು, ಅದನ್ನು ಎಲ್ಲಿ ಅಡಗಿಸುವುದು? ನಂಬುವುದಿಲ್ಲ ಎನ್ನುವವರ ಹೆದರಿಕೆಗೆ ಮದ್ದೂ ಇಲ್ಲ, ಮಂತ್ರವೂ ಇಲ್ಲ.

"ಕರೆದಾಗ ಅವರು ಎಂತ ಹೇಳ್ತಿದ್ರು?" ಎಂದು ಕೇಳಿದಳು.

ಡಾಕ್ಟರು ಮೆಲ್ಲಗೆ, "ಬಂದೆ ಅಂತ ಹೇಳ್ತಿದ್ರು ಅಕ್ಕ" ಎಂದಳು.

"ಹಾಗಾದ್ರೆ ಬರ್ತಾರೆ" ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವರದ್ದು ಒಂದೇ ಮಾತು. ಬರ್ತೇನೆ ಅಂದ್ರೆ ಬರ್ತಾರೆ."

ಎಣ್ಣೆಯವರ ಮುಖ ಬಾಡಿಹೋಗಿತ್ತು. "ಇವತ್ತಿಗೆ ನಿಲ್ಸುವ ತಂಗಿ. ಎಲ್ಲ ಕಟ್ಟಿ ಹೊಳೆಗೆ ಬಿಡುವ" ಎಂದು ಹಾಳೆಗೆ ಕೈ ಹಾಕಿದರು.

ಅವಳು ಬಿಡಲಿಲ್ಲ. "ಬೇಡ ಅಣ್ಣ. ಕೂತವರನ್ನು ಅರ್ಧದಲ್ಲಿ ಎಲೆಯಿಂದ ಎಬ್ಬಿಸ್ತಾರಾ? ಅವರ ಸರದಿ ಯಾವಾಗ? ನಾನು ಆಡ್ತೇನೆ."

ಹೀಗೆ, ಆಟವೆಂದರೇನೆಂದೇ ಗೊತ್ತಿಲ್ಲದ ಹೆಂಗಸು ನಮ್ಮ ಮೇಜಿನ ಪಕ್ಕ ನಿಂತಳು. ಎಣ್ಣೆಯವರ ಸರದಿ ಆಯಿತು, ಡಾಕ್ಟರದ್ದು ಆಯಿತು. ನಾನು ಅವಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಅವನ ಹೆಸರು ಕರೆದೆ, ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿ.

"ಇದರಲ್ಲಿ ಅವರು ಯಾರು?"

ಹಿತ್ತಾಳೆಯ ನಟ್ಟು ತೋರಿಸಿದೆ. ಅವಳು ಅದನ್ನು ನೋಡಿ ಸಣ್ಣಗೆ ನಕ್ಕಳು. ಮನೆಯ ಪ್ರತಿ ಡಬ್ಬಿಯಲ್ಲೂ ಇಂಥವು ಸಿಕ್ಕುತ್ತವಂತೆ.

"ಬಾಗಿಲು ಎಲ್ಲುಂಟು?"

ಹಾಳೆಯ ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಎಳೆದ ಎರಡು ಗೆರೆಗಳನ್ನು ತೋರಿಸಿದೆ.

"ಹಾಗಾದ್ರೆ ಅವರು ಹೊರಡ್ತಾರೆ. ಮನೆಗೆ."

ಡಾಕ್ಟರು ಕೂಗಿಕೊಂಡಳು. "ಅಕ್ಕ, ಹಾಗೆ ಬೆನ್ನು ತಿರುಗಿಸಿದ್ರೆ ರಾಣಿ ಹೊಡೀತಾಳೆ! ಕಲ್ಲಾಗ್ತಾರೆ, ಮತ್ತೆ ಅಲ್ಲೇ ಬಾಕಿ. ಸ್ವಲ್ಪ ನಿಲ್ಲಿ, ಮುಂದಿನ ಸುತ್ತಿನಲ್ಲಿ ನಾನು ರಾಣಿಯನ್ನು ಆಚೆ ಎಳೀತೇನೆ."

"ಮುಂದಿನ ಸುತ್ತು ಅಂದ್ರೆ ಇನ್ನೊಮ್ಮೆ ಕರೀಬೇಕು. ಬೇಡ" ಎಂದಳು ಅವಳು.

ನಿಯಮ ಡಾಕ್ಟರು ಹೇಳಿದ ಹಾಗೇ ಇತ್ತು. ಶತ್ರುವಿನ ಪಕ್ಕದಿಂದ ಬೆನ್ನು ತಿರುಗಿಸಿ ಹೋದವನಿಗೆ ಶತ್ರು ಒಂದು ಏಟು ಹಾಕಬಹುದು. ನಾನು ದಾಳ ಕೈಗೆತ್ತಿಕೊಂಡೆ. ಮೂವರೂ ನನ್ನ ಮುಷ್ಟಿಯನ್ನೇ ನೋಡುತ್ತಿದ್ದರು. ಫ್ಯಾನಿನ ಗಾಳಿಗೆ ಹಾಳೆಯ ಒಂದು ಮೂಲೆ ಏಳುತ್ತಿತ್ತು, ಬೀಳುತ್ತಿತ್ತು.

ಆಗ ನನಗೆ ಅನಿಸಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಏಟು ತಾಗಲಿ ಎನಿಸಿತು. ಅವನು ಅಲ್ಲೇ ನಿಲ್ಲಲಿ, ಮುಂದಿನ ಆದಿತ್ಯವಾರವೂ ಇರಲಿ, ಅದರ ಮುಂದಿನದ್ದೂ ಇರಲಿ. ಅವಳಿಗಾದರೆ ಮನೆ ಉಂಟು, ಮಗಳಿದ್ದಾಳೆ, ಆಟಿಗೊಮ್ಮೆ ಬಡಿಸಲು ಎಲೆ ಉಂಟು. ನನಗೆ ಅವನು ಯಾವ ಲೆಕ್ಕದ ಸಂಬಂಧ? ಬೊಜ್ಜದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಉಂಡು ಬಂದವಳು ನಾನು. ಈ ಮೇಜಿನ ಮೇಲಿನ ಒಂದು ಚೌಕ ಬಿಟ್ಟರೆ ಅವನು ನನ್ನ ಪಾಲಿಗೆ ಬೇರೆಲ್ಲೂ ಇರಲಿಲ್ಲ.

ಏಟು ಹಾಕಬಹುದು ಎಂದಿದೆ, ಹಾಕಲೇಬೇಕು ಎಂದಿಲ್ಲ. ಅದು ನಡೆಸುವವರ ಇಷ್ಟ. ಡಾಕ್ಟರಿಗೆ ಅದು ನೆನಪಿರಲಿಲ್ಲ, ನನಗಿತ್ತು. ಎಷ್ಟು ಹೊತ್ತು ಹಾಗೆ ಮುಷ್ಟಿ ಹಿಡಿದು ಕೂತಿದ್ದೆನೋ. ಕೊನೆಗೆ ಬೆರಳು ಬಿಡಿಸಿ ದಾಳವನ್ನು ಉರುಳಿಸದೆ ಮೇಜಿನ ಮೇಲಿಟ್ಟೆ.

"ರಾಣಿ ನೋಡುತ್ತಾಳೆ" ಎಂದೆ. "ಕೈ ಎತ್ತುವುದಿಲ್ಲ."

ಅವಳು ತೋರುಬೆರಳಿನಿಂದ ನಟ್ಟನ್ನು ಮೆಲ್ಲಗೆ ತಳ್ಳಿದಳು. ಒಂದು ಚೌಕ, ಇನ್ನೊಂದು ಚೌಕ. ಅಷ್ಟು ತಿಂಗಳು ಅದು ಕೂತಿದ್ದಲ್ಲಿ ಹಾಳೆಯ ಮೇಲೆ ಹಸಿರು ಕಲೆಯಾಗಿತ್ತು. ಪೆನ್ಸಿಲಿನ ಬಾಗಿಲು ದಾಟಿಸಿ, ಅದನ್ನು ಎತ್ತಿ ಸೆರಗಿನ ತುದಿಯಲ್ಲಿ ಕಟ್ಟಿ, "ಬನ್ನಿ" ಎಂದಳು. ನಮಗಲ್ಲ. ನಮ್ಮ ಕಡೆ ತಿರುಗಿ ಹೇಳಿದ್ದು ಒಂದೇ ಮಾತು, "ಇನ್ನು ಕರೀಬೇಡಿ ಟೀಚರ್, ದಾರಿಯಲ್ಲಿರ್ತೇವೆ." ಹೋಗಿಬರುತ್ತೇನೆ ಎನ್ನಲಿಲ್ಲ. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಇಳಿದುಹೋಯಿತು. ವೇಣೂರು ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಬಸ್ಸಿನ ಹಾರ್ನು ಕೇಳಿಸಿತು.

ಡಾಕ್ಟರು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎಣ್ಣೆಯವರು ಕಣ್ಣೊರೆಸಿಕೊಂಡು, "ಮುಗಿಸುವ" ಎಂದರು. ನಾನು ಮತ್ತೆ ಸುತ್ತು ಶುರು ಮಾಡಿದೆ. ಎಣ್ಣೆಯವರನ್ನು ಕರೆದೆ, ಈ ಸಲ ಅವರು ಗೋಡೆ ನೋಡಲಿಲ್ಲ, ಕತ್ತಿ ಬೀಸಿದರು. ಡಾಕ್ಟರನ್ನು ಕರೆದೆ, ಅವಳು ಮೂಗು ಸೀಟಿ ದಾಳ ಹಾಕಿದಳು. ಬಸ್ಸು ಅಷ್ಟರಲ್ಲಿ ಪೇಟೆಯನ್ನೂ ದಾಟಿರಲಿಕ್ಕಿಲ್ಲ. ನನ್ನ ಬಾಯಿ ಅವನ ಹೆಸರಿನ ಮೊದಲ ಅಕ್ಷರಕ್ಕೆ ತೆರೆದುಕೊಂಡಿತು. ಇಬ್ಬರೂ ಉಸಿರು ಹಿಡಿದು ನನ್ನನ್ನು ನೋಡಿದರು. ನಾನು ಹಲ್ಲಿನಡಿ ನಾಲಗೆಯನ್ನು ಒತ್ತಿ ಹಿಡಿದೆ, ನೋಯುವವರೆಗೆ.

"ರಾಣಿಯ ಸರದಿ" ಎಂದೆ.