ಮಿತಿ ಏರಿದ ಕಾರ್ಡು

ಒಗ್ಗರಣೆಗೆ ಸಾಸಿವೆ ಹಾಕಿ ಅದು ಸಿಡಿಯುವುದನ್ನೇ ಕಾಯುತ್ತ ನಿಂತಿದ್ದಾಗ ಫೋನು ಟಣ್ಣೆಂದಿತು. ಅಭಿನಂದನೆಗಳಂತೆ! ನನ್ನ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಬ್ಯಾಂಕು ಮತ್ತೊಮ್ಮೆ ಏರಿಸಿತ್ತು. ಪರೀಕ್ಷೆಗೇ ಕೂರದೆ ಪಾಸಾದವಳಂತೆ ಬೆಪ್ಪಾಗಿ ನಿಂತೆ, ಸಾಸಿವೆ ಸೀದುಹೋಯಿತು.

ನೀವೇ ಹೇಳಿ, ಸಿದ್ಧಾರ್ಥನಗರದ ಪುಟ್ಟ ಮನೆಯಲ್ಲಿ ಒಬ್ಬಳೇ ಇರುವ, ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಪಡೆಯುತ್ತಲೇ ತಲೆ ನರೆತ ನನ್ನಂಥವಳಿಗೆ ಇಷ್ಟೊಂದು ಸಾಲ ಮಾಡುವ ಸೌಭಾಗ್ಯವೇಕೆ? ಆ ಕಾರ್ಡು ಹೊರಬರುವುದು ಗ್ಯಾಸ್ ಸಿಲಿಂಡರಿಗೆ, ಫೋನಿನ ರೀಚಾರ್ಜಿಗೆ, ಅಷ್ಟೇ. ಬಿಲ್ಲು ಬಂದ ದಿನವೇ ಕಟ್ಟಿ ನಿರಾಳವಾಗುತ್ತೇನೆ. ಆದರೆ ನಾನು ಮಿತವಾದಷ್ಟೂ ಅವರ ಮಿತಿ ಹಿಗ್ಗುತ್ತದೆ. ಸಾಕು ಸಾಕೆಂದು ಕೈ ಅಡ್ಡ ಹಿಡಿದವರ ಎಲೆಗೇ ಮತ್ತೆ ಮತ್ತೆ ಬಡಿಸುವ ಈ ಉಪಚಾರಕ್ಕೆ ಏನೆನ್ನಬೇಕೋ ತಿಳಿಯದು. ಒಮ್ಮೆ ಶಾಖೆಗೇ ಹೋಗಿ ಇಳಿಸಿಕೊಡಿ ಎಂದೆ. ಅಲ್ಲಿದ್ದ ಅಧಿಕಾರಿ ನನ್ನನ್ನು ಕನಿಕರದಿಂದ ನೋಡಿ, "ಇಳಿಸಿ ಅಂತ ಯಾರೂ ಕೇಳಲ್ಲ ಮೇಡಂ, ಇರ್ಲಿ ಬಿಡಿ," ಎಂದು ಕಳಿಸಿಬಿಟ್ಟರು.

ಆ ವಾರವೇ ನನ್ನ ಗೆಳತಿ ನಾಗರತ್ನಳ ಗ್ರೈಂಡರ್ ಸುಟ್ಟುಹೋಯಿತು. ಗಂಡ ತೀರಿಕೊಂಡ ಮೇಲೆ ಅಗ್ರಹಾರದ ಮನೆಯ ಮುಂದಿನ ಕೋಣೆಯಲ್ಲಿ ದೋಸೆಹಿಟ್ಟು ರುಬ್ಬಿ ಮಾರುತ್ತ ಬದುಕು ಕಟ್ಟಿಕೊಂಡವಳು ಅವಳು. ಹೊಸ ಯಂತ್ರಕ್ಕೆ ಸಾಲ ಕೇಳಲು ಅದೇ ಬ್ಯಾಂಕಿಗೆ ಹೋದರೆ, ಆದಾಯಕ್ಕೆ ದಾಖಲೆಯಿಲ್ಲವೆಂದು ವಾಪಸು ಕಳಿಸಿದರು. ಬಾಗಿಲು ಮುಚ್ಚಿದ್ದಷ್ಟು ದಿನವೂ ಅವಳ ಗಿರಾಕಿಗಳು ಪ್ಯಾಕೆಟ್ ಹಿಟ್ಟಿಗೆ ಒಗ್ಗಿಹೋಗುತ್ತಿದ್ದರು.

"ಬೇಡ ಅನ್ನೋಳ ಹಿಂದೆ ಬೀಳ್ತಾರೆ, ಬೇಕು ಅಂತ ಹೋದೋಳನ್ನ ಓಡಿಸ್ತಾರೆ. ಇದ್ಯಾವ ನ್ಯಾಯ ಕಣೇ?" ಎಂದಳು.

ನನಗೆ ರೇಗಿಹೋಯಿತು. "ನಡಿ, ನನ್ನ ಕಾರ್ಡಲ್ಲೇ ತಗೊಳ್ಳೋಣ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಂಗೆ ಕೊಡುವೆಯಂತೆ," ಎಂದೆ. ಒಲ್ಲೆ ಒಲ್ಲೆ ಎನ್ನುತ್ತಿದ್ದವಳನ್ನು ಎಳೆದುಕೊಂಡೇ ಅಂಗಡಿಗೆ ಹೋದೆ. ಗ್ರೈಂಡರ್ ಆರಿಸಿದ್ದಾಯಿತು. ಬ್ಯಾಂಕಿನ ಅಷ್ಟೂ ಔದಾರ್ಯವನ್ನು ಒಮ್ಮೆಗೇ ಸಾರ್ಥಕಗೊಳಿಸುವ ಗತ್ತಿನಲ್ಲಿ ಕಾರ್ಡು ಚಾಚಿದೆ.

ಕಾರ್ಡು ಉಜ್ಜುವ ಯಂತ್ರ ಅದನ್ನು ಒಪ್ಪಲಿಲ್ಲ. ಇನ್ನೊಮ್ಮೆ ಉಜ್ಜಿದರೂ ಒಪ್ಪಲಿಲ್ಲ. ಅಲ್ಲಿಂದಲೇ ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಿದೆ.

"ನೀವು ಯಾವತ್ತೂ ಇಷ್ಟು ದೊಡ್ಡ ಖರ್ಚು ಮಾಡಿಲ್ಲ ಮೇಡಂ," ಎಂದಿತು ಒಂದು ಎಳೆಯ ದನಿ. "ಅನುಮಾನ ಬಂತು ಅಂತ ನಿಮ್ಮ ಸುರಕ್ಷತೆಗೋಸ್ಕರ ತಡೆದಿದ್ದೀವಿ."

"ಹಾಗಾದ್ರೆ ಮಿತಿ ಏರಿಸಿದ್ದು ಯಾಕಮ್ಮಾ?"

"ನೀವು ಜಾಸ್ತಿ ಖರ್ಚು ಮಾಡಲ್ವಲ್ಲ ಮೇಡಂ, ಅದಕ್ಕೇ!"

ಪರಿಶೀಲಿಸಿ ತಿಳಿಸುತ್ತೇವೆಂದು ಆ ಹುಡುಗಿ ಫೋನಿಟ್ಟಳು. ಬಳಸದವರಿಗೆ ಮಾತ್ರ ಸಲ್ಲುವ ಈ ನಂಬಿಕೆ ಎಂಥ ನಂಬಿಕೆಯೋ! ನಾಗರತ್ನ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಹೋಗ್ಲಿ ಬುಡು, ನಡಿ," ಎಂದು ಬಾಗಿಲ ಕಡೆ ತಿರುಗಿದಳು.

ಅಷ್ಟೂ ಹೊತ್ತು ನಮ್ಮನ್ನೇ ನೋಡುತ್ತಿದ್ದ ಅಂಗಡಿಯ ಯಜಮಾನರು ಎದ್ದು ಬಂದರು. "ಅಗ್ರಹಾರದ ಹಿಟ್ಟಿನ ನಾಗರತ್ನಮ್ಮ ಅಲ್ವಾ ನೀವು? ಅಂಗಡಿ ಯಾಕೆ ಮುಚ್ಚಿದೀರಿ ಅಂತ ನಮ್ಮನೇಲಿ ದಿನಾ ಕೇಳ್ತಾರೆ ಕಣ್ರೀ. ಗ್ರೈಂಡರ್ ತಗೊಂಡೋಗಿ. ವ್ಯಾಪಾರ ಆದಂಗೆ ಕೊಡಿ."

ಅವಳ ಕಣ್ಣು ತುಂಬಿಬಂತು. ನನಗೆ ಸಂತೋಷವೇ ಆಯಿತಾದರೂ, ಕೈಯಲ್ಲಿದ್ದ ಕಾರ್ಡನ್ನು ಎಲ್ಲಿ ಬಚ್ಚಿಡಲಿ ಎಂಬಂತಾಯಿತು.

ಆಟೋದಲ್ಲಿ ಗ್ರೈಂಡರಿನ ಪೆಟ್ಟಿಗೆಗೆ ಅಂಟಿಕೊಂಡು ಇಬ್ಬರೂ ಮುದುಡಿ ಕೂತಿದ್ದಾಗ ಮತ್ತೆ ಫೋನು ಬಂತು. ತಡೆ ತೆಗೆದಿದ್ದೇವೆ, ಈಗ ಧಾರಾಳವಾಗಿ ಖರೀದಿ ಮಾಡಬಹುದು ಎಂದಳು ಅದೇ ಹುಡುಗಿ. ನಾನು ಸಿಡುಕುವ ಮೊದಲೇ ನಾಗರತ್ನ ಫೋನು ಕಿತ್ತುಕೊಂಡಳು.

"ಈಗೇನೂ ಬೇಡ ಕಣಮ್ಮ," ಎಂದಳು ಮೆಲ್ಲಗೆ. "ನಮ್ಮನ್ನ ಗೊತ್ತಿರೋರು ಸಿಕ್ಬುಟ್ರು."