ಹಿಂದಿನ ಸೀಟಿನ ಹೆಡ್‌ಮಾಸ್ತರರು

ಸಿಂದಗಿಯ ನನ್ನ ಗ್ಯಾರೇಜಿನ ಬೋರ್ಡಿನಲ್ಲಿ, ಟ್ರ್ಯಾಕ್ಟರ್ ರಿಪೇರಿ ಎಂಬ ಹಳೆಯ ಅಕ್ಷರಗಳ ಕೆಳಗೆ, ‘ಎಂಜಿನ್ ಕಂಪ್ಯೂಟರ್ ಟ್ಯೂನಿಂಗ್’ ಎಂದು ಬರೆಸಿದ್ದೆ. ಪುಣೆಯಲ್ಲಿ ಕೆಲವು ವರ್ಷ ದುಡಿದು ಆ ವಿದ್ಯೆ ಕಲಿತು ಬಂದಿದ್ದೆ. ಎರಡು ಸಾವಿರದ ಇಸವಿ ದಾಟಿದ ಕಾಲ. ಊರಿನವರು ಬೋರ್ಡನ್ನು ಗೌರವದಿಂದ ಓದಿ, ಟ್ರ್ಯಾಕ್ಟರ್ ಬಿಟ್ಟು ಹೋಗುತ್ತಿದ್ದರು.

ಕೊನೆಗೆ ಆಲಮೇಲದಿಂದ ಸೋದರಮಾವನ ಮಗ ಬಂದ. ಕಬ್ಬು ಬೆಳೆಯುವವನಿಗೆ ಅದೇನು ಹುಚ್ಚೋ, ಪುಣೆಯಿಂದ ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದ. ಗಾಳಿ ತುರುಕುವ ಟರ್ಬೊ ಇಲ್ಲ, ತನ್ನ ಉಸಿರು ತಾನೇ ಎಳೆದುಕೊಳ್ಳುವ ಎಂಜಿನ್. ಅದಕ್ಕೆ ಗಾಳಿಯ ಬಾಗಿಲು ತೆರೆದು ಮುಚ್ಚಿಸುವ ಹೊಸ ಕ್ಯಾಮ್‌ಶಾಫ್ಟ್, ಹೊಸ ಸೈಲೆನ್ಸರ್ ಹಾಕಿಸಿದ್ದ. ಉಸಿರಾಟ ಬದಲಾದ ಮೇಲೆ, ಪೆಟ್ರೋಲು ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬುದನ್ನು ಕಾರಿನ ಕಂಪ್ಯೂಟರಿಗೆ ಹೊಸದಾಗಿ ಹೇಳಿಕೊಡಬೇಕು.

“ಐತವಾರದೊಳಗ ಆಗಲಿಲ್ಲಂದ್ರ ಲಾರಿ ಮ್ಯಾಲ ಹಾಕಿ ಪುಣೇಕ್ಕ ಕಳಸ್ತೇನಿ. ನೀ ಆ ಬೋರ್ಡಿಗಿ ಸುಣ್ಣಾ ಬಳಿ,” ಎಂದ.

ಎದುರಿಗೇ ಪೇಂಟರನ ಅಂಗಡಿ. ಅವನು ಕೇಳಿಸಿಕೊಂಡು ಏಣಿಯನ್ನು ಹೊರಗೆ ತಂದಿಟ್ಟ.

ಟ್ಯೂನಿಂಗ್ ನಡೆದದ್ದು ಆಲಮೇಲದ ರಸ್ತೆಯಲ್ಲಿ. ಮಾವನ ಮಗ ಮೂರನೇ ಗೇರಿನಲ್ಲಿ ಎಕ್ಸಿಲರೇಟರನ್ನು ತಳದವರೆಗೆ ಒತ್ತುವುದು. ನಾನು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುವುದು. ಅದಕ್ಕೆ ಕಾರಿನ ತೂಕ, ನಮ್ಮಿಬ್ಬರ ತೂಕ ಕೊಟ್ಟಿದ್ದರೆ, ವೇಗ ಏರುವ ಪರಿಯಿಂದ ಅದು ಎಂಜಿನ್ನಿನ ಶಕ್ತಿಯನ್ನು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಮೊದಲ ಓಟದಲ್ಲಿ ಗೆರೆ ಚೆನ್ನಾಗಿ ಏರಿತು. ಆಮೇಲೆ ನಾನು ಏನೇ ಬದಲಿಸಿದರೂ ಇಳಿಯಿತು. ಕಿಡಿ ಬೇಗ ಹಾರಿಸಿದರೆ ಎಂಜಿನ್ ಕಟಕಟ ಬಡಿಯಿತು. ತಡವಾಗಿ ಹಾರಿಸಿದರೆ ಮಂಕಾಗಿ ಸಂತಾಪ ಸೂಚಿಸಿತು. ಶನಿವಾರ ಬರುವ ಹೊತ್ತಿಗೆ ನನಗೆ ಕಾರನ್ನು ನೋಡಿದರೆ ಆಕಳಿಕೆ ಬರುತ್ತಿತ್ತು.

ಆ ಬೆಳಿಗ್ಗೆ ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ, ಇಂಡಿ ಊರಿನ ನಿಂಬೆಹಣ್ಣಿನ ಎರಡು ಚೀಲಗಳ ಸಮೇತ, ಮಡಿಚಿದ ಮೈ ಬಿಡಿಸಿಕೊಂಡು ಇಳಿದಳು. ಕಾರಿನ ಹಿಂಭಾಗ ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಆಗ ಹೊಳೆಯಿತು. ನಮ್ಮ ಕಡೆ ಕೈ ಮಾಡಿದವರನ್ನು ಬಿಟ್ಟು ಹೋಗುವ ಪದ್ಧತಿ ಇಲ್ಲ. ಮೊದಲ ಓಟ ಬಿಟ್ಟು ಪ್ರತಿ ಓಟದಲ್ಲೂ ಯಾರೋ ಹತ್ತಿದ್ದರು, ಯಾರೋ ಇಳಿದಿದ್ದರು. ಲ್ಯಾಪ್‌ಟಾಪಿಗೆ ಗೊತ್ತಿಲ್ಲದ ಅವರ ಭಾರಕ್ಕೆಲ್ಲ ನಾನು ಎಂಜಿನ್ನಿಗೆ ಔಷಧ ಕೊಡುತ್ತಿದ್ದೆ.

“ಇನ್ನ ಯಾರನ್ನೂ ಹತ್ತಿಸಬ್ಯಾಡ,” ಎಂದೆ.

“ಹುಚ್ಚ ಅದೀಯೇನು? ನಮ್ಮವ್ವನ ತವರು ಮಂದಿ ಇದ ಹಾದಿಗಿ ಅಡ್ಡಾಡ್ತಾರ. ನಾಳೆ ಯಾರದೋ ಮದುವಿಯಾಗ ಊಟಕ್ಕ ಕುಂತಾಗ ಉಗಿಸ್ಕೊಳ್ಳಾವ್ರು ಯಾರು?”

ಆದರೆ ಸೀಟು ತುಂಬಿದ್ದರೆ ಯಾರೂ ಉಗಿಯುವುದಿಲ್ಲ. ಚಹಾದಂಗಡಿಯಲ್ಲಿ ನಮಗಿಬ್ಬರಿಗೂ ಕಲಿಸಿದ ಹೆಡ್‌ಮಾಸ್ತರರು ಕುಳಿತಿದ್ದರು; ನಿವೃತ್ತರು, ಸ್ಥೂಲಕಾಯರು. ಅವರನ್ನು ಅಡತಿ ಅಂಗಡಿಗೆ ಕರೆದೊಯ್ದು ಕಾಳಿನ ತಕ್ಕಡಿಯ ಮೇಲೆ ನಿಲ್ಲಿಸಿದೆವು.

“ಏನ್ರಲೇ, ನನ್ನ ತೊಗರಿ ಜೋಡಿ ಮಾರಾವ್ರೇನು?”

“ಇಲ್ರೀ ಸರ. ನಿಮ್ಮ ತೂಕ ಲೆಕ್ಕಕ್ಕ ಬೇಕಾಗೈತಿ.”

“ಲೆಕ್ಕದಾಗ ನೀ ಯಾವತ್ತ ಪಾಸಾಗೀಯಪಾ?”

ಹಿಂದಿನ ಸೀಟಿನ ಪೂರ್ತಿ ಅಗಲಕ್ಕೆ ಅವರು ಆಸೀನರಾದರು. ದಾರಿಯಲ್ಲಿ ಎದ್ದ ಕೈಗಳು ಅವರ ತಲೆಯ ರುಮಾಲು ಕಂಡು ನಮಸ್ಕಾರವಾಗಿ ಮಡಿಚಿಕೊಂಡವು. ಯಾರೂ ಹತ್ತಲಿಲ್ಲ. ಒಂದೇ ಭಾರದಲ್ಲಿ ಓಡಿಸಿದಾಗ ಯಾವ ಬದಲಾವಣೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಸ್ಪಷ್ಟವಾಗಿ ಕಂಡಿತು. ಸಂಜೆಗೆ ಗೆರೆ ಮೊದಲ ದಿನದ್ದನ್ನು ದಾಟಿ ಏರಿತು.

ಐತವಾರ ಮಾವನ ಮಗ ಒಬ್ಬನೇ ಓಡಿಸಿ ಬಂದ. “ಎಳೀತೈತಿ ಬಿಡು,” ಎಂದ. ಅವನ ಬಾಯಲ್ಲಿ ಅದು ಸನ್ಮಾನಪತ್ರ. ಪೇಂಟರ ಏಣಿಯನ್ನು ಒಳಗಿಟ್ಟ.

ಸೋಮವಾರ ಗ್ಯಾರೇಜಿನ ಬಾಗಿಲು ತೆಗೆದರೆ ಹೆಡ್‌ಮಾಸ್ತರರು, ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಬುತ್ತಿಯ ಡಬ್ಬಿ.

“ಇವತ್ತ ಯಾವ ಗಾಡಿಯೋ?”

ಅಂಗಳದಲ್ಲಿ ಡೀಸೆಲ್ ಸೋರುವ ಟ್ರ್ಯಾಕ್ಟರ್ ನಿಂತಿತ್ತು. ಅವರು ಅದನ್ನು ಒಂದು ಸುತ್ತು ಹಾಕಿದರು. ಹಿಂದಿನ ಸೀಟು ಇರಲಿಲ್ಲ.

“ಇರಲಿ ತಗೋ. ಬೋರ್ಡ್ ಐತಿ, ಕಾರು ಬರ್ತಾವು,” ಎಂದು ಬೆಂಚಿನ ಮೇಲೆ ಕುಳಿತು ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡರು.

ನಾನು ಟ್ರ್ಯಾಕ್ಟರಿನ ಬಾನೆಟ್ ಎತ್ತಿದೆ.